ಜೊತೆಗಿದ್ದ ದಿನಗಳೂ ಲೆಕ್ಕಕ್ಕುಂಟು

ಕೆನಡಾದಲ್ಲಿ ಏಳೆಂಟು ವರ್ಷ ಇದ್ದು, ಅಪ್ಪ ಅಮ್ಮನ ಆರೋಗ್ಯಕ್ಕೋ ಮಕ್ಕಳ ಓದಿಗೋ ಬೆಂಗಳೂರು, ಮೈಸೂರು, ಮಂಗಳೂರಿಗೆ ಮರಳಿದ ಎಷ್ಟೋ ಮನೆಗಳಲ್ಲಿ ಪರಿಸ್ಥಿತಿ ಹೀಗಿರುತ್ತದೆ: ಗಂಡನ ಬಳಿ ಕೆನಡಾದ ಪಾಸ್‌ಪೋರ್ಟ್ ಮತ್ತು ಓಸಿಐ (ಓವರ್‌ಸೀಸ್ ಸಿಟಿಜನ್ ಆಫ್ ಇಂಡಿಯಾ) ಕಾರ್ಡ್, ಹೆಂಡತಿಯ ಬಳಿ ಭಾರತದ ಪಾಸ್‌ಪೋರ್ಟ್ ಮತ್ತು ಕೆನಡಾದ ಪಿಆರ್ (ಖಾಯಂ ನಿವಾಸಿ) ಕಾರ್ಡ್. ಇದು ತಿಳಿಯದೆ ಆದದ್ದಲ್ಲ, ಇಬ್ಬರೂ ಕೂತು ಮಾತಾಡಿ ಮಾಡಿದ್ದು. ಭಾರತ ಎರಡು ದೇಶಗಳ ಪೌರತ್ವವನ್ನು ಒಪ್ಪುವುದಿಲ್ಲ. 1955ರ ಪೌರತ್ವ ಕಾಯ್ದೆಯ ಪ್ರಕಾರ ಸ್ವಂತ ಇಚ್ಛೆಯಿಂದ ಇನ್ನೊಂದು ದೇಶದ ಪೌರತ್ವ ಪಡೆದವರಿಗೆ ಇಲ್ಲಿನದು ಉಳಿಯುವುದಿಲ್ಲ. ಓಸಿಐ ಇದ್ದವರು ಮನೆ, ಸೈಟು ಕೊಳ್ಳಬಹುದು. ಕೃಷಿ ಜಮೀನು, ತೋಟ ಕೊಳ್ಳುವಂತಿಲ್ಲ. ಪಿತ್ರಾರ್ಜಿತವಾಗಿ ಬಂದರೆ ಇಟ್ಟುಕೊಳ್ಳಬಹುದು, ಅಷ್ಟೇ. ಅವರಿಗೆ ಮತದಾನದ ಹಕ್ಕೂ ಇಲ್ಲ. ಚಿಕ್ಕಮಗಳೂರಿನಲ್ಲೋ ಕೊಡಗಿನಲ್ಲೋ ಕಾಫಿ ತೋಟ ಇರುವ ಮನೆತನದವರಿಗೆ, ಬೇಲಿಯಾಚೆಯ ನಾಲ್ಕು ಎಕರೆ ಮಾರಾಟಕ್ಕೆ ಬಂದಾಗ ಇದರ ಬಿಸಿ ತಟ್ಟುತ್ತದೆ. ಹಾಗಾಗಿ ಒಬ್ಬರು ಸಿಟಿಜನ್ ಆಗುವುದು, ಇನ್ನೊಬ್ಬರು ಭಾರತೀಯರಾಗಿಯೇ ಉಳಿಯುವುದು ಎಂದು ತೀರ್ಮಾನವಾಗಿರುತ್ತದೆ.

ಊರಿಗೆ ಬಂದು ನಾಲ್ಕೈದು ವರ್ಷ ಕಳೆದ ಮೇಲೆ ಆತಂಕ ಶುರುವಾಗುತ್ತದೆ. ಪಿಆರ್ ಕಾರ್ಡಿನ ಮೇಲಿನ ತಾರೀಕು ಹತ್ತಿರ ಬರುತ್ತದೆ, ಅಥವಾ ಆಗಲೇ ದಾಟಿರುತ್ತದೆ. "ಐದು ವರ್ಷದಲ್ಲಿ ಎರಡು ವರ್ಷ ಅಲ್ಲಿರಲಿಲ್ಲ ಅಂದ್ರೆ ಪಿಆರ್ ಹೋದ ಹಾಗೇ" ಎಂದು ಟೊರಾಂಟೊದಲ್ಲಿರುವ ನೆಂಟರು ಫೋನಿನಲ್ಲಿ ಹೇಳುತ್ತಾರೆ. ಅಲ್ಲಿದ್ದವರಿಗೇ ಗೊತ್ತಿಲ್ಲದೆ ಇರುತ್ತದೆಯೇ ಎಂದು ಆಕೆ ನಂಬಿಬಿಡುತ್ತಾಳೆ. ಕೆಲವರು ಅಲ್ಲಿಗೇ ಕೈಬಿಡುತ್ತಾರೆ, ಮತ್ತೆ ಕೆಲವರು ಮಕ್ಕಳನ್ನು ಇಲ್ಲಿ ಬಿಟ್ಟು ತಾವೊಬ್ಬರೇ ಬ್ರಾಂಪ್ಟನ್ನಿನ ಯಾರದೋ ಮನೆಯ ಬೇಸ್‌ಮೆಂಟಿನಲ್ಲಿ ದಿನ ತುಂಬಿಸಲು ಹೊರಡುತ್ತಾರೆ. ಎರಡೂ ಬೇಕಿರಲಿಲ್ಲ. ನೆಂಟರ ಮಾತು ಅರ್ಧ ಸರಿ. ಉಳಿದರ್ಧ ಕಾನೂನಿನಲ್ಲೇ ಬರೆದಿದೆ.

ಕೆನಡಾದ ವಲಸೆ ಮತ್ತು ನಿರಾಶ್ರಿತರ ರಕ್ಷಣಾ ಕಾಯ್ದೆ ಜಾರಿಗೆ ಬಂದದ್ದು 2002ರ ಜೂನ್ 28ರಂದು. ಅದಕ್ಕೆ ಮೊದಲು ಇದ್ದ ನಿಯಮ ಬೇರೆ: 12 ತಿಂಗಳಲ್ಲಿ 183 ದಿನಕ್ಕಿಂತ ಹೆಚ್ಚು ಹೊರಗಿದ್ದರೆ, ಆ ದೇಶವನ್ನು ಬಿಡುವ ಉದ್ದೇಶ ನಿಮಗಿತ್ತು ಎಂದೇ ಹಿಡಿಯುತ್ತಿದ್ದರು, ಹಾಗಿರಲಿಲ್ಲ ಎಂದು ಅಧಿಕಾರಿಯನ್ನು ಒಪ್ಪಿಸುವುದು ನಿಮ್ಮ ಪಾಲಿಗೆ ಬರುತ್ತಿತ್ತು. ಹೊಸ ಕಾಯ್ದೆ ಉದ್ದೇಶದ ವಿಚಾರಣೆಯನ್ನು ಬಿಟ್ಟು ದಿನಗಳ ಎಣಿಕೆಯನ್ನು ತಂದಿತು. 28ನೇ ಸೆಕ್ಷನ್ ಪ್ರಕಾರ ಪ್ರತಿ ಐದು ವರ್ಷದ ಅವಧಿಯಲ್ಲಿ 730 ದಿನ ಆಗಬೇಕು. ಸತತವಾಗಿ ಇರಬೇಕೆಂದೇನೂ ಇಲ್ಲ, ಬಿಡಿಬಿಡಿಯಾಗಿಯೂ ಸೇರಿಸಬಹುದು. ವಿಮಾನ ಇಳಿದ ದಿನ, ಹತ್ತಿದ ದಿನ ಎರಡೂ ಪೂರ್ತಿ ದಿನಗಳೇ.

ಆ 730 ದಿನ ಯಾವ್ಯಾವುದರಿಂದ ತುಂಬಬಹುದು ಎಂಬುದೂ ಅದೇ ಸೆಕ್ಷನ್ನಿನಲ್ಲಿದೆ. ಕೆನಡಾದ ನೆಲದಲ್ಲಿದ್ದ ದಿನಗಳು ಮೊದಲನೆಯದು. ನಂತರ ಬರುವುದೇ ನಮಗೆ ಬೇಕಾದದ್ದು: ಕೆನಡಾದ ಪೌರರಾಗಿರುವ ಗಂಡ ಅಥವಾ ಹೆಂಡತಿಯ ಜೊತೆ ಹೊರದೇಶದಲ್ಲಿದ್ದ ದಿನಗಳು. ಮಕ್ಕಳಿಗಾದರೆ, ಪೌರರಾದ ತಂದೆ ಅಥವಾ ತಾಯಿಯ ಜೊತೆಗಿದ್ದ ದಿನಗಳು. ಮದುವೆಯೇ ಆಗಿರಬೇಕೆಂದಿಲ್ಲ; ದಂಪತಿಯಂತೆ ಕನಿಷ್ಠ ಒಂದು ವರ್ಷ ಒಟ್ಟಿಗೆ ಬಾಳಿದ ಸಂಗಾತಿಗೂ ಇದು ಅನ್ವಯಿಸುತ್ತದೆ. ಸಲಿಂಗ ದಂಪತಿಗೂ ಅಷ್ಟೇ. ನಮ್ಮಲ್ಲಿ ಆ ಸಂಬಂಧಕ್ಕೆ ಮದುವೆಯ ಮಾನ್ಯತೆ ಇಲ್ಲದಿದ್ದರೂ ಕೆನಡಾದ ಲೆಕ್ಕದಲ್ಲಿ ಅದಕ್ಕೆ ಬೆಲೆಯಿದೆ.

ಹೊರದೇಶ ಯಾವುದು ಎಂದು ಕಾನೂನು ಕೇಳುವುದಿಲ್ಲ. ಬಸವನಗುಡಿಯಾದರೂ ಸರಿ, ದುಬೈ ಆದರೂ ಸರಿ. ಸಂಗಾತಿ ಅಲ್ಲಿ ಯಾವ ಕೆಲಸ ಮಾಡುತ್ತಾರೆ, ಕೆಲಸ ಮಾಡುತ್ತಾರೋ ಇಲ್ಲವೋ ಎಂಬುದೂ ಬೇಕಿಲ್ಲ. ಅವರು ಕೆನಡಾದ ಪೌರರಾಗಿರಬೇಕು, ನೀವು ಅವರ ಜೊತೆಗಿರಬೇಕು. ಜೊತೆಗಿರುವುದು ಎಂದರೇನು ಎಂಬುದನ್ನು ಕಾಯ್ದೆಯಡಿಯ ನಿಯಮಗಳ 61ನೇ ಕಲಮು ಹೇಳುತ್ತದೆ: ಇಬ್ಬರೂ ವಾಡಿಕೆಯಾಗಿ ಒಂದೇ ಕಡೆ ವಾಸವಿದ್ದ ಪ್ರತಿಯೊಂದು ದಿನ. ಗಂಡ ಮೂರು ದಿನ ಆಫೀಸಿನ ಕೆಲಸಕ್ಕೆ ಪುಣೆಗೆ ಹೋಗಿಬಂದರೆ ಸಂಸಾರ ಎರಡಾಗುವುದಿಲ್ಲ. ಗಂಡ ಒಂದೂರಲ್ಲಿ, ಹೆಂಡತಿ ಇನ್ನೊಂದೂರಲ್ಲಿ ಬೇರೆಬೇರೆ ಮನೆ ಮಾಡಿಕೊಂಡಿದ್ದರೆ ಮಾತ್ರ ಮದುವೆ ಎಷ್ಟೇ ಗಟ್ಟಿಯಾಗಿದ್ದರೂ ಆ ದಿನಗಳು ಜಮೆಯಾಗುವುದಿಲ್ಲ.

ಒಂದು ಕಲ್ಪಿತ ಲೆಕ್ಕ ಹಾಕಿ ನೋಡೋಣ. ದಂಪತಿ ಕೆನಡಾದ ಮಿಸಿಸಾಗದಲ್ಲಿ ಹಲವು ವರ್ಷ ಇದ್ದರು. 2020ರಲ್ಲಿ ಗಂಡ ಪೌರತ್ವದ ಪ್ರಮಾಣ ಸ್ವೀಕರಿಸಿದ. 2021ರ ಜುಲೈ 1ರಂದು ಇಬ್ಬರೂ ಬಸವನಗುಡಿಯ ಮಾವನ ಮನೆಗೆ ಬಂದು ನೆಲೆಸಿದರು. 2026ರ ಜುಲೈ 1ರಂದು ಆಕೆಯ ಲೆಕ್ಕ ಪರೀಕ್ಷೆಗೆ ಬರುತ್ತದೆ ಎಂದಿಟ್ಟುಕೊಳ್ಳಿ. ಪಿಆರ್ ಆಗಿ ಐದು ವರ್ಷ ದಾಟಿದವರಿಗೆ ಅಧಿಕಾರಿ ನೋಡುವುದು ಆ ದಿನದಿಂದ ಹಿಂದಕ್ಕೆ ಐದು ವರ್ಷ ಮಾತ್ರ. ಅಂದರೆ 1826 ದಿನ. ಅದಕ್ಕೆ ಮೊದಲು ಮಿಸಿಸಾಗದಲ್ಲಿ ಕಳೆದ ವರ್ಷಗಳೆಲ್ಲ ಈ ಲೆಕ್ಕದಿಂದ ಆಚೆ. "ನಾನು ಎಂಟು ವರ್ಷ ಅಲ್ಲೇ ಇದ್ದೆ, ತೆರಿಗೆ ಕಟ್ಟಿದ್ದೇನೆ" ಎಂದರೆ 730ಕ್ಕೆ ಒಂದು ದಿನವೂ ಸೇರುವುದಿಲ್ಲ. ಆದರೆ ಈ ಐದು ವರ್ಷವೂ ಗಂಡನ ಜೊತೆ ಒಂದೇ ಮನೆಯಲ್ಲಿದ್ದರೆ, ಕೆನಡಾಕ್ಕೆ ಒಂದು ದಿನವೂ ಹೋಗದಿದ್ದರೂ ಆಕೆಯ ಲೆಕ್ಕ ಭರ್ತಿ.

ಇದೇ ದಂಪತಿಯ ಬದುಕು ಇನ್ನೊಂದು ದಾರಿ ಹಿಡಿಯಿತೆನ್ನಿ. ಮೊದಲ ವರ್ಷದ ಕೊನೆಗೆ ಗಂಡನಿಗೆ ದುಬೈನಲ್ಲಿ ಕೆಲಸ ಸಿಕ್ಕಿತು. ಮಗಳ ಶಾಲೆ, ಮಾವನ ಔಷಧಿ ಎಂದು ಆಕೆ ಬಸವನಗುಡಿಯಲ್ಲೇ ಉಳಿದಳು. ಆತ ವರ್ಷಕ್ಕೊಮ್ಮೆ ಒಂದು ತಿಂಗಳ ರಜೆಗೆ ಬರುತ್ತಾನೆ. ಮೊದಲ ವರ್ಷದ 365 ದಿನ, ಆಮೇಲಿನ ನಾಲ್ಕು ವರ್ಷದ ರಜೆಗಳೆಲ್ಲ ಸೇರಿ 120 ದಿನ. ರಜೆಯಲ್ಲಿ ಬಂದುಹೋದದ್ದು ಒಟ್ಟಿಗಿನ ವಾಸವೇ ಎಂಬ ಪ್ರಶ್ನೆ ಏಳುತ್ತದೆ. ಅದನ್ನೂ ಒಪ್ಪಿದರು ಎಂದೇ ಹಿಡಿದರೂ ಒಟ್ಟು 485. ಇನ್ನೂ 245 ದಿನ ಕಮ್ಮಿ. ಆಕೆಯೂ ದುಬೈಗೆ ಹೋಗಿ ನೆಲೆಸಿದ್ದರೆ ಯಾವ ತೊಂದರೆಯೂ ಇರುತ್ತಿರಲಿಲ್ಲ. ಕರಾವಳಿಯ ಎಷ್ಟೋ ಮನೆಗಳಲ್ಲಿ ಗಂಡ ಗಲ್ಫಿನಲ್ಲಿ, ಹೆಂಡತಿ ಊರಿನಲ್ಲಿ ಇರುವುದು ತಲೆಮಾರಿನಿಂದ ಬಂದ ಬದುಕು. ಅಂಥ ಮನೆಗಳಲ್ಲಿ ಪಿಆರ್ ಇರುವವರು ಈ ಲೆಕ್ಕವನ್ನು ಮೊದಲೇ ಹಾಕಿಕೊಳ್ಳಬೇಕು.

ಲೆಕ್ಕ ಹಿಡಿಯುವಾಗ ಕಣ್ತಪ್ಪಿ ಹೋಗುವ ಸಂಗತಿ ಇನ್ನೊಂದಿದೆ. ಸಂಗಾತಿ ಪೌರರಾದ ದಿನದಿಂದ ಮಾತ್ರ ಈ ಸೌಲಭ್ಯ. ಅವರೂ ಪಿಆರ್ ಆಗಿದ್ದಾಗ ಹೊರದೇಶದಲ್ಲಿ ಜೊತೆಗಿದ್ದ ದಿನಗಳು ಇದರಲ್ಲಿ ಬರುವುದಿಲ್ಲ. ಪ್ರಮಾಣ ಸ್ವೀಕಾರದ ತಾರೀಕು ಪೌರತ್ವದ ದಾಖಲೆಯಲ್ಲಿರುತ್ತದೆ. ಎಣಿಕೆ ಅಲ್ಲಿಂದ ಶುರು ಮಾಡಿ.

ಯಾರು ಯಾರ ಜೊತೆ ಹೋದರು ಎಂಬ ಜಗಳವೂ ಇದೆ. ವಲಸೆ ಇಲಾಖೆಯ ಅಧಿಕಾರಿಗಳ ಕೈಪಿಡಿಯಲ್ಲಿ, ಪೌರರ ಜೊತೆ ಬಾಳುತ್ತಿರುವುದು ಖಚಿತವಾದರೆ ಯಾರು ಯಾರನ್ನು ಹಿಂಬಾಲಿಸಿದರು ಎಂದು ಕೆದಕಬೇಕಿಲ್ಲ ಎಂಬ ನಿಲುವು ಬಹುಕಾಲ ಇತ್ತು. ಆದರೆ ವಲಸೆ ಮೇಲ್ಮನವಿ ವಿಭಾಗ 2011ರ ಡಿಯೂಫ್ ಪ್ರಕರಣದಲ್ಲಿ ಬೇರೆ ದಾರಿ ಹಿಡಿಯಿತು. ಕೆಲವು ಸಂದರ್ಭಗಳಲ್ಲಿ ಆ ಪ್ರಶ್ನೆ ಕೇಳಲೇಬೇಕಾಗುತ್ತದೆ ಎಂದಿತು. ಇಬ್ಬರೂ ಕೆನಡಾದಲ್ಲಿ ಬಾಳಿ, ಒಟ್ಟಿಗೆ ಹೊರಟು ಬಂದವರಿಗೆ ಇದರಿಂದ ಹೆದರಿಕೆ ಕಡಿಮೆ. ಪಿಆರ್ ಆಗಿ ಕೆನಡಾದಲ್ಲಿ ಇಳಿದ ಹದಿನೈದೇ ದಿನಕ್ಕೆ ಭಾರತಕ್ಕೆ ಮರಳಿ, ಆಮೇಲೆ ಇಲ್ಲಿಗೆ ಬಂದ ಕೆನಡಾದ ಪೌರರನ್ನು ಮದುವೆಯಾಗಿ, ಅವರ ಹೆಸರಿನಲ್ಲಿ ದಿನ ಎಣಿಸುವವರಿಗೆ ಪ್ರಶ್ನೆ ಬಿಗಿಯಾಗುತ್ತದೆ. ಅಂಥವರು ಅರ್ಜಿ ಹಾಕುವ ಮೊದಲು ಅಲ್ಲಿನ ವಲಸೆ ವಕೀಲರನ್ನು ಕಾಣುವುದೇ ಕ್ಷೇಮ.

ಇಬ್ಬರೂ ಪಿಆರ್ ಆಗಿದ್ದು ಯಾರೂ ಪೌರರಲ್ಲದಿದ್ದರೆ ದಾರಿ ಕಿರಿದು. ಸಂಗಾತಿ ಕೆನಡಾದ ಕಂಪನಿಯ ಅಥವಾ ಅಲ್ಲಿನ ಸರ್ಕಾರದ ಪೂರ್ಣಾವಧಿ ನೌಕರರಾಗಿ ಹೊರದೇಶಕ್ಕೆ ನಿಯೋಜನೆಗೊಂಡಿದ್ದರೆ ಅವರ ದಿನಗಳೂ, ಅವರ ಜೊತೆಗಿದ್ದ ನಿಮ್ಮ ದಿನಗಳೂ ಸೇರುತ್ತವೆ. ಬೆಂಗಳೂರಿನವರು ಎಡವುವುದು ಇಲ್ಲೇ. ಸಿಜಿಐ, ಓಪನ್‌ಟೆಕ್ಸ್ಟ್‌ನಂಥ ಕೆನಡಾ ಮೂಲದ ಕಂಪನಿಗಳ ಕಚೇರಿಗಳು ನಮ್ಮ ಊರಿನಲ್ಲೇ ಇವೆ. ಅಂಥ ಕಡೆ ಇಲ್ಲಿಯೇ ಕೆಲಸಕ್ಕೆ ಸೇರಿದರೆ ಸಾಕು, ದಿನ ಜಮೆಯಾಗುತ್ತದೆ ಎಂದು ಬಹಳ ಮಂದಿ ತಿಳಿದಿದ್ದಾರೆ. ಹಾಗಿಲ್ಲ. ಕೆನಡಾದ ಕೆಲಸದಲ್ಲಿದ್ದವರನ್ನು ಕಂಪನಿ ಹೊರಗೆ ಕಳಿಸಿರಬೇಕು, ಆ ನಿಯೋಜನೆ ತಾತ್ಕಾಲಿಕವಾಗಿದ್ದು ಕೆನಡಾದ ನಂಟು ಉಳಿದಿರಬೇಕು ಎಂದು ಅಲ್ಲಿನ ಫೆಡರಲ್ ಕೋರ್ಟ್ 2011ರ ಜಿಯಾಂಗ್ ಪ್ರಕರಣದಲ್ಲಿ ಹೇಳಿದೆ. ಸ್ಥಳೀಯವಾಗಿ ನೇಮಕವಾದವರಿಗೆ ಇದು ದಕ್ಕುವುದಿಲ್ಲ. ದಿನ ತುಂಬಿಸಲೆಂದೇ ಹುಟ್ಟುಹಾಕಿದ ಹೆಸರಿಗೊಂದು ಕಂಪನಿಯನ್ನೂ ನಿಯಮ ನೇರವಾಗಿ ಹೊರಗಿಟ್ಟಿದೆ.

ಈಗ ಸಾಕ್ಷ್ಯದ ಮಾತು. ಒಟ್ಟಿಗಿದ್ದೆವು ಎಂದು ತೋರಿಸುವ ಹೊಣೆ ಅರ್ಜಿದಾರರದ್ದು. ಮದುವೆಯ ಪ್ರಮಾಣಪತ್ರ, ಸಂಗಾತಿಯ ಪೌರತ್ವದ ದಾಖಲೆ, ಆ ಐದು ವರ್ಷಗಳಲ್ಲಿ ಇಬ್ಬರೂ ಬಳಸಿದ ಎಲ್ಲ ಪಾಸ್‌ಪೋರ್ಟ್‌ಗಳು, ಇಬ್ಬರೂ ಒಂದೇ ವಿಳಾಸದಲ್ಲಿದ್ದರೆಂದು ತೋರಿಸುವ ಕಾಗದಗಳು ಬೇಕು. ಪಟ್ಟಿ ಓದಲು ಸುಲಭ. ನಮ್ಮ ಮನೆಗಳಲ್ಲಿ ಹುಡುಕಲು ಕೂತರೆ ಗೊತ್ತಾಗುತ್ತದೆ ಕಷ್ಟ. ಬಸವನಗುಡಿಯ ಮನೆ ಮಾವನ ಹೆಸರಿನಲ್ಲಿದೆ, ಹಾಗಾಗಿ ಬಾಡಿಗೆ ಕರಾರು ಇಲ್ಲ. ಬೆಸ್ಕಾಂ ಬಿಲ್ಲು ಮಾವನ ಹೆಸರಿನಲ್ಲಿ, ನೀರಿನ ಬಿಲ್ಲು ಅಜ್ಜನ ಹೆಸರಿನಲ್ಲೇ ಮುಂದುವರಿದಿದೆ, ಗ್ಯಾಸಿನ ಪುಸ್ತಕ ಅತ್ತೆಯದು. ಸೊಸೆಯ ಬ್ಯಾಂಕ್ ಖಾತೆಯಲ್ಲಿ ಇನ್ನೂ ತವರಿನ ದಾವಣಗೆರೆ ವಿಳಾಸ. ಆಧಾರ್ ಕಾರ್ಡಿನಲ್ಲೂ ಅದೇ. ಐದು ವರ್ಷ ಒಂದೇ ಮನೆಯಲ್ಲಿ ಉಂಡು ಮಲಗಿದ ಹೆಂಗಸಿಗೆ ಆ ಮನೆಯಲ್ಲಿದ್ದಳು ಎನ್ನಲು ಒಂದು ತುಂಡು ಕಾಗದವಿಲ್ಲ.

ಇದನ್ನು ಸರಿಪಡಿಸುವುದು ಕಷ್ಟವಲ್ಲ, ಆದರೆ ಅರ್ಜಿಯ ಹಿಂದಿನ ವಾರ ಆಗುವ ಕೆಲಸವೂ ಅಲ್ಲ. ಬಂದ ಹೊಸತರಲ್ಲೇ ಇಬ್ಬರ ಆಧಾರ್ ಕಾರ್ಡನ್ನೂ ಈಗಿನ ವಿಳಾಸಕ್ಕೆ ಬದಲಿಸಿಕೊಳ್ಳಿ. ಓಸಿಐ ಇರುವವರಿಗೂ 12 ತಿಂಗಳಲ್ಲಿ 182 ದಿನ ಇಲ್ಲಿ ವಾಸವಿದ್ದರೆ ಆಧಾರ್ ಸಿಗುತ್ತದೆ. ಒಂದು ಜಂಟಿ ಖಾತೆ ತೆರೆದು ಮನೆಯ ದಿನಸಿ, ಔಷಧಿ, ಶಾಲೆಯ ಫೀಸು ಅದರಿಂದಲೇ ಹೋಗುವಂತೆ ಮಾಡಿ. ಐದು ವರ್ಷದ ಸ್ಟೇಟ್‌ಮೆಂಟ್ ಒಂದು ಸಂಸಾರದ ದಿನಚರಿಯನ್ನೇ ಹೇಳುತ್ತದೆ. ಮಕ್ಕಳ ಶಾಲೆಯ ದಾಖಲಾತಿಯಲ್ಲಿ ತಂದೆ ತಾಯಿ ಇಬ್ಬರ ಹೆಸರೂ, ವಿಳಾಸವೂ ಇರುತ್ತದೆ. ಅದರ ದೃಢೀಕೃತ ಪ್ರತಿ ಬಹಳ ಉಪಯೋಗಕ್ಕೆ ಬರುತ್ತದೆ. ಆರೋಗ್ಯ ವಿಮೆಯ ಪಾಲಿಸಿ, ಆದಾಯ ತೆರಿಗೆಯ ರಿಟರ್ನ್, ಅಪಾರ್ಟ್‌ಮೆಂಟಿನಲ್ಲಿದ್ದರೆ ಸಂಘದ ಮೇಂಟೆನೆನ್ಸ್ ರಸೀದಿ, ಇವೆಲ್ಲ ಸೇರಿ ತೂಕ ಬರುತ್ತದೆ. ಕನ್ನಡದಲ್ಲಿರುವ ಪತ್ರಗಳಿಗೆ, ಸಬ್ ರಿಜಿಸ್ಟ್ರಾರ್ ಕಚೇರಿಯ ಮದುವೆ ಪ್ರಮಾಣಪತ್ರವೂ ಸೇರಿ, ಇಂಗ್ಲಿಷ್ ಅಥವಾ ಫ್ರೆಂಚ್ ಅನುವಾದ ಲಗತ್ತಿಸಬೇಕು.

ಪ್ರಯಾಣದ ತಾರೀಕುಗಳಲ್ಲಿ ಸುಳ್ಳು ಬೇಡವೇ ಬೇಡ. ಹಿಂದೆ ಕೆನಡಾದಿಂದ ಹೊರಟವರ ದಾಖಲೆ ಸರಿಯಾಗಿ ಸಿಗುತ್ತಿರಲಿಲ್ಲ. 2020ರಿಂದ ವಿಮಾನ ಸಂಸ್ಥೆಗಳು ಹೊರಡುವವರ ಮಾಹಿತಿಯನ್ನೂ ಅಲ್ಲಿನ ಗಡಿ ಸೇವಾ ಸಂಸ್ಥೆಗೆ ಕೊಡುತ್ತವೆ. ವ್ಯಾಂಕೂವರ್ ಪ್ರದೇಶದ ಷುನ್ ವಾಂಗ್ ಎಂಬ ವಲಸೆ ಸಲಹೆಗಾರ, ಪಾಸ್‌ಪೋರ್ಟ್‌ಗಳಲ್ಲಿ ಖೊಟ್ಟಿ ಮುದ್ರೆ ಒತ್ತಿ, ಚೀನಾದಲ್ಲಿದ್ದವರನ್ನು ಕೆನಡಾದಲ್ಲಿದ್ದರೆಂದು ತೋರಿಸುತ್ತಿದ್ದ. 2015ರಲ್ಲಿ ಆತನಿಗೆ ಏಳು ವರ್ಷ ಜೈಲು ಶಿಕ್ಷೆಯಾಯಿತು. ಆತ ಜೈಲಿಗೆ ಹೋದಲ್ಲಿಗೆ ಕತೆ ಮುಗಿಯಲಿಲ್ಲ. ಅವನ ಗಿರಾಕಿಗಳಾಗಿದ್ದ ನೂರಾರು ಮಂದಿಯ ದಾಖಲೆಗಳನ್ನು ಇಲಾಖೆ ಒಂದೊಂದಾಗಿ ಮತ್ತೆ ತೆರೆಯಿತು. ತಪ್ಪು ಮಾಹಿತಿ ಕೊಟ್ಟದ್ದು ಸಾಬೀತಾದರೆ ಪಿಆರ್ ಹೋಗುವುದಲ್ಲದೆ ಐದು ವರ್ಷ ಆ ದೇಶದ ಬಾಗಿಲು ಮುಚ್ಚುತ್ತದೆ. ದಿನ ಕಮ್ಮಿ ಬಿದ್ದವರಿಗೆ ಕಾನೂನಿನಲ್ಲಿ ಕರುಣೆಗೆ ಜಾಗವಿದೆ, ಸುಳ್ಳು ಹೇಳಿದವರಿಗೆ ಅದು ಬಹಳ ಕಷ್ಟ.

ಇನ್ನು ಕಾರ್ಡಿನ ವಿಷಯ. ಕಾರ್ಡಿನ ಅವಧಿ ಮುಗಿಯುವುದೂ ಪಿಆರ್ ಹೋಗುವುದೂ ಒಂದೇ ಅಲ್ಲ. ಕಾರ್ಡು ಐದು ವರ್ಷಕ್ಕೆ ಕೊಡುವ ಒಂದು ಪ್ರಯಾಣದ ಗುರುತು; ಹಕ್ಕು ಕಾಯ್ದೆಯಲ್ಲಿದೆ. ಪೌರತ್ವ ಪಡೆದಾಗ, ನಿವಾಸದ ಷರತ್ತು ಪಾಲಿಸಿಲ್ಲವೆಂಬ ತೀರ್ಮಾನ ಅಂತಿಮವಾದಾಗ, ಗಡೀಪಾರಿನ ಆದೇಶ ಜಾರಿಗೆ ಬಂದಾಗ, ಇಲ್ಲವೇ ತಾವಾಗಿಯೇ ಬರೆದುಕೊಟ್ಟು ಬಿಟ್ಟಾಗ ಪಿಆರ್ ಕೊನೆಗೊಳ್ಳುತ್ತದೆ. ತಾರೀಕು ದಾಟಿದ ಮಾತ್ರಕ್ಕೆ ತಾನಾಗಿ ಬಿದ್ದುಹೋಗುವುದಿಲ್ಲ.

ಹಕ್ಕು ಉಳಿದಿದ್ದರೂ ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಅದು ಕೆಲಸ ಮಾಡುವುದಿಲ್ಲ. ಅವಧಿ ಮುಗಿದ ಕಾರ್ಡು ನೋಡಿದ ಕೂಡಲೇ ಕೌಂಟರಿನವರು "ಮೇಡಂ, ಇದರಲ್ಲಿ ಬೋರ್ಡಿಂಗ್ ಕೊಡೋಕಾಗಲ್ಲ" ಎಂದು ಬ್ಯಾಗು ಕೆಳಗಿಳಿಸುತ್ತಾರೆ. ಗಂಡ, ಮಕ್ಕಳ ಬೋರ್ಡಿಂಗ್ ಪಾಸ್ ಕೈಗೆ ಬಂದಿರುತ್ತದೆ, ಅಮ್ಮನದಿಲ್ಲ. ಅಲ್ಲಿ ವಾದ ಮಾಡಿ ಫಲವಿಲ್ಲ. ಕಾಗದವಿಲ್ಲದವರನ್ನು ಕರೆದೊಯ್ದರೆ ದಂಡ ಬೀಳುವುದು ವಿಮಾನ ಸಂಸ್ಥೆಗೆ. ಹೊಸ ಕಾರ್ಡಿಗೆ ಅರ್ಜಿ ಹಾಕಬೇಕೆಂದರೆ ಕೆನಡಾದ ಒಳಗೇ ಇರಬೇಕು. ಹೊರಗಿರುವವರು ಹಾಕಬೇಕಾದದ್ದು ಪಿಆರ್ ಟ್ರಾವೆಲ್ ಡಾಕ್ಯುಮೆಂಟಿಗೆ. ನಿಮ್ಮ ಲೆಕ್ಕದ ನಿಜವಾದ ಪರೀಕ್ಷೆ ಈ ಅರ್ಜಿಯಲ್ಲೇ ನಡೆಯುತ್ತದೆ. ಹಾಗಾಗಿ ಟಿಕೆಟ್ ಕೊಳ್ಳುವ ಮೊದಲು ಈ ಅರ್ಜಿ, ಅದಕ್ಕೂ ಮೊದಲು ಕಾಗದಗಳ ಕಡತ.

ಅರ್ಜಿ ತಿರಸ್ಕೃತವಾದರೆ ಅಲ್ಲಿಗೆ ಎಲ್ಲ ಮುಗಿಯಿತೆಂದಲ್ಲ. ಹೊರದೇಶದಲ್ಲಿ ಬಂದ ತೀರ್ಮಾನದ ವಿರುದ್ಧ 60 ದಿನದೊಳಗೆ ವಲಸೆ ಮೇಲ್ಮನವಿ ವಿಭಾಗಕ್ಕೆ ಹೋಗಬಹುದು. ಅದು ಇತ್ಯರ್ಥವಾಗುವ ತನಕ ನೀವು ಪಿಆರ್ ಆಗಿಯೇ ಇರುತ್ತೀರಿ. ಕಳೆದ 365 ದಿನದೊಳಗೆ ಒಮ್ಮೆಯಾದರೂ ಕೆನಡಾದಲ್ಲಿದ್ದು ಮೇಲ್ಮನವಿ ಹಾಕಿದ್ದರೆ, ಒಳಗೆ ಬರಲು ಪ್ರಯಾಣ ಪತ್ರ ಕೊಡಲೇಬೇಕೆಂದು ಕಾಯ್ದೆ ಹೇಳುತ್ತದೆ. ಕೆನಡಾದ ವಿಮಾನ ನಿಲ್ದಾಣದಲ್ಲೇ ಅಧಿಕಾರಿ ವರದಿ ಬರೆದು ದೇಶ ಬಿಡುವ ಆದೇಶ ಹೊರಬಿದ್ದರೆ ಮೇಲ್ಮನವಿಗೆ ಇರುವುದು 30 ದಿನ. ವರದಿಯಾದ ಮೇಲೆ ಅಲ್ಲೇ ಉಳಿದು ದಿನ ತುಂಬಿಸುತ್ತೇನೆಂದರೆ ನಡೆಯದು. ಆ ನಂತರದ ದಿನಗಳನ್ನು ಎಣಿಸುವುದಿಲ್ಲ.

ಮೇಲ್ಮನವಿಯಲ್ಲಿ ದಿನಗಳಾಚೆಗಿನ ಮಾತಿಗೂ ಅವಕಾಶವಿದೆ. ಯಾಕೆ ಹೊರಟಿರಿ, ಮರಳಲು ಯಾವಾಗ ಪ್ರಯತ್ನಿಸಿದಿರಿ, ಅಲ್ಲಿ ನಿಮಗೇನು ಬೇರುಗಳಿವೆ, ಮಕ್ಕಳಿಗೆ ಯಾವುದು ಒಳಿತು ಎಂದೆಲ್ಲ ನೋಡುತ್ತಾರೆ. ಹೆತ್ತವರ ಆರೈಕೆ ನಮ್ಮವರು ಹೆಚ್ಚಾಗಿ ಕೊಡುವ ಕಾರಣ. ನಮಗೆ ಅದು ಹೇಳಬೇಕಾಗಿಯೇ ಇಲ್ಲದ ಕರ್ತವ್ಯ. ಅಲ್ಲಿ ಕೂತವರು ಮಾತ್ರ, ನೋಡಿಕೊಳ್ಳಲು ಅಣ್ಣ ತಮ್ಮ ಯಾರೂ ಇರಲಿಲ್ಲವೇ, ಐದೂ ವರ್ಷ ನೀವೇ ಇರಬೇಕಿತ್ತೇ ಎಂದು ಕೇಳುತ್ತಾರೆ. ಆಸ್ಪತ್ರೆಯ ಡಿಸ್ಚಾರ್ಜ್ ಸಮ್ಮರಿಗಳನ್ನು, ವೈದ್ಯರ ಚೀಟಿಗಳನ್ನು ತಾರೀಕಿನ ಪ್ರಕಾರ ಜೋಡಿಸಿಟ್ಟವರಿಗೆ ಉತ್ತರ ಹೇಳುವುದು ಸುಲಭ.

ಜೊತೆಗಿದ್ದ ದಿನಗಳು ಪಿಆರ್ ಉಳಿಸುತ್ತವೆ, ಅದಕ್ಕಿಂತ ಹೆಚ್ಚಿನದೇನನ್ನೂ ಕೊಡುವುದಿಲ್ಲ. ಮುಂದೆ ಪೌರತ್ವ ಬೇಕೆನಿಸಿದರೆ ಅರ್ಜಿಗೆ ಹಿಂದಿನ ಐದು ವರ್ಷದಲ್ಲಿ 1095 ದಿನ ಕೆನಡಾದ ನೆಲದ ಮೇಲೇ ಇರಬೇಕು. ಬಸವನಗುಡಿಯ ದಿನಗಳು ಅಲ್ಲಿ ನಡೆಯುವುದಿಲ್ಲ. ಆರೋಗ್ಯ ಕಾರ್ಡು ಪ್ರಾಂತ್ಯ ಸರ್ಕಾರದ್ದು. ಒಂಟಾರಿಯೊದಲ್ಲಿ 12 ತಿಂಗಳಲ್ಲಿ 153 ದಿನ ಇರಬೇಕೆಂಬ ನಿಯಮವಿದೆ. ತೆರಿಗೆಯ ನಿವಾಸವೂ ಬೇರೆಯದೇ ಲೆಕ್ಕ. ಇವುಗಳನ್ನು ಒಂದಕ್ಕೊಂದು ಬೆರೆಸಬೇಡಿ.

ಇಲ್ಲಿ ಹೇಳಿದ್ದನ್ನು ಅಮೆರಿಕದ ಗ್ರೀನ್ ಕಾರ್ಡಿಗೆ ಹಚ್ಚಿ ನೋಡಲೇಬೇಡಿ. ಅಲ್ಲಿ 730 ದಿನದ ಎಣಿಕೆ ಇಲ್ಲ. ಅಮೆರಿಕವೇ ನಿಮ್ಮ ಖಾಯಂ ಮನೆಯೇ ಎಂಬುದೇ ಪ್ರಶ್ನೆ. ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಹೊರಗಿದ್ದರೆ ಗ್ರೀನ್ ಕಾರ್ಡೊಂದನ್ನೇ ತೋರಿಸಿ ಒಳಗೆ ಬರುವಂತಿಲ್ಲ. ಅಮೆರಿಕದ ಪೌರರಾದ ಗಂಡನ ಜೊತೆ ಮೈಸೂರಿನಲ್ಲಿದ್ದೆ ಎಂಬುದು ರಕ್ಷಣೆಯಾಗುವುದಿಲ್ಲ. ಅಲ್ಲಿನ ಸೇನೆಯಲ್ಲಿ, ಸರ್ಕಾರದ ಸೇವೆಯಲ್ಲಿ ಹೊರದೇಶಕ್ಕೆ ನಿಯೋಜಿತರಾದವರ ಕುಟುಂಬಕ್ಕೆ ಮಾತ್ರ ವಿನಾಯಿತಿ. ಉಳಿದವರು ಹೊರಡುವ ಮೊದಲು, ಅಮೆರಿಕದಲ್ಲಿ ಇರುವಾಗಲೇ, ರೀಎಂಟ್ರಿ ಪರ್ಮಿಟ್‌ಗೆ ಅರ್ಜಿ ಹಾಕಬೇಕು. ಅದು ಗರಿಷ್ಠ ಎರಡು ವರ್ಷಕ್ಕೆ ಸಿಗುತ್ತದೆ.

ಕೊನೆಯದಾಗಿ, ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವ ವಿಷಯ. ಈ ನಿಯಮದ ಫಲ ಪಡೆಯುವವರಲ್ಲಿ ಗಂಡಸರೂ ಇದ್ದಾರೆ, ಆದರೆ ನಮ್ಮ ಮನೆಗಳಲ್ಲಿ ಹೆಚ್ಚಾಗಿ ಹೆಂಗಸರು. ಆಕೆಯ ಹಕ್ಕನ್ನು ಸಾಬೀತುಪಡಿಸುವ ಕಾಗದಗಳಲ್ಲಿ ಅರ್ಧ ಗಂಡನ ಬೀರುವಿನಲ್ಲಿರುತ್ತವೆ: ಆತನ ಪಾಸ್‌ಪೋರ್ಟು, ಪೌರತ್ವದ ಪತ್ರ, ಆತನ ಪ್ರಯಾಣದ ತಾರೀಕುಗಳು. ಸಂಸಾರ ಚೆನ್ನಾಗಿರುವ ತನಕ ಇದು ಯಾರ ಮನಸ್ಸಿಗೂ ಬರುವುದಿಲ್ಲ. ಮನಸ್ತಾಪ ಬಂದ ದಿನ "ನಿನ್ನ ಪಿಆರ್ ಕ್ಯಾನ್ಸಲ್ ಮಾಡಿಸ್ತೀನಿ" ಎಂಬ ಮಾತು ಹೊರಬೀಳುತ್ತದೆ, ಆಕೆ ನಡುಗುತ್ತಾಳೆ. ಹಾಗೆ ಮಾಡಿಸಲು ಗಂಡನಿಗೆ ಅಧಿಕಾರವಿಲ್ಲ. 2012ರಿಂದ ಕೆಲವು ವರ್ಷ, ಹೊಸದಾಗಿ ಸ್ಪಾನ್ಸರ್ ಆದ ಕೆಲವು ಸಂಗಾತಿಗಳು ಎರಡು ವರ್ಷ ಜೊತೆಗೆ ಬಾಳಲೇಬೇಕೆಂಬ ಷರತ್ತು ಇತ್ತು. ದೌರ್ಜನ್ಯಕ್ಕೆ ಸಿಕ್ಕವರನ್ನು ಅದು ಕಟ್ಟಿಹಾಕುತ್ತದೆ ಎಂಬ ಟೀಕೆ ಬಂದು 2017ರಲ್ಲಿ ಅದನ್ನು ತೆಗೆದುಹಾಕಿದರು. ನಿಜವಾದ ಮದುವೆಯಿಂದ ಬಂದ ಪಿಆರ್ ಮದುವೆ ಮುರಿದ ಮಾತ್ರಕ್ಕೆ ಮುರಿಯುವುದಿಲ್ಲ. ಬೇರೆಯಾಗುವ ತನಕ ಜೊತೆಗಿದ್ದ ದಿನಗಳೂ ಆಕೆಯವೇ. ಆ ನಂತರದ ದಿನಗಳನ್ನು ಕೆನಡಾದಲ್ಲೇ ಸಂಪಾದಿಸಬೇಕು, ಅಷ್ಟೇ.

ದಿನ ನಿಜಕ್ಕೂ ಕಮ್ಮಿಯಾಗಿ ಪಿಆರ್ ಕಳೆದುಹೋದರೂ, ಪೌರರಾದ ಸಂಗಾತಿ ಮತ್ತೆ ಸ್ಪಾನ್ಸರ್ ಮಾಡಬಹುದು. ಕೆನಡಾಕ್ಕೆ ಮರಳಿ ನೆಲೆಸುವ ಉದ್ದೇಶ ತೋರಿಸಿದರೆ ಅವರು ಬೆಂಗಳೂರಿನಲ್ಲಿ ಕೂತೇ ಆ ಅರ್ಜಿ ಹಾಕಬಹುದು. ಪಿಆರ್ ಮಾತ್ರ ಇರುವ ಸಂಗಾತಿಗೆ ಹೊರದೇಶದಿಂದ ಹಾಗೆ ಮಾಡಲು ಬರುವುದಿಲ್ಲ. ಆದ್ದರಿಂದ ವಿಸಿಟರ್ ವೀಸಾ ಬೇಗ ಸಿಗುತ್ತದೆಂದು ಯಾರೋ ಏಜೆಂಟ್ ಹೇಳಿದ ಮಾತಿಗೆ, ಲೆಕ್ಕ ಹಾಕದೆ, ಪಿಆರ್ ಬಿಟ್ಟುಕೊಡುವ ಫಾರಂಗೆ ಸಹಿ ಹಾಕಬೇಡಿ. ವಕೀಲರ ಬಳಿ ಹೋಗುವುದಾದರೆ ಕೆನಡಾದಲ್ಲಿ ಪರವಾನಗಿ ಇರುವವರೇ ಎಂದು ಮೊದಲು ಕೇಳಿ.

ತಂಗಿಯರೇ, ಅಕ್ಕಂದಿರೇ, ಈ ವಾರವೇ ಒಂದು ಕೆಲಸ ಮಾಡಿ. ಯಜಮಾನರ ಪಾಸ್‌ಪೋರ್ಟಿನ ಎಲ್ಲ ಪುಟಗಳನ್ನು, ಖಾಲಿ ಪುಟಗಳನ್ನೂ ಬಿಡದೆ, ಮತ್ತು ಅವರ ಪೌರತ್ವದ ಪತ್ರವನ್ನು ಸ್ಕ್ಯಾನ್ ಮಾಡಿ ನಿಮ್ಮದೇ ಇಮೇಲಿಗೆ ಕಳಿಸಿಕೊಳ್ಳಿ. ಹಳೆಯ ಪಾಸ್‌ಪೋರ್ಟುಗಳನ್ನು ಎಸೆಯಲು ಬಿಡಬೇಡಿ.